ಮುಂದೆ ಹದಿಮೂರು, ಹಿಂದೆ ಐವತ್ತು

ಕಿನುಯೊಗೆ ಚೋ ಎಂದರೆ ತೋಫು, ಸೋಯಾ ಹಾಲಿನ ಪನೀರು. ಅಂಗಡಿಗೆ ಬಂದವರು ಎರಡು ಚೋ ಕೊಡಿ, ಮೂರು ಚೋ ಕೊಡಿ ಎನ್ನುತ್ತಾರೆ; ಆಕೆ ತಣ್ಣೀರಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಬೆಳ್ಳಗಿನ ಗಡ್ಡೆಗಳನ್ನು ಮೇಲೆತ್ತಿ ಕೊಡುತ್ತಾಳೆ. ಪಕ್ಕದ ಬೈಕ್ ರಿಪೇರಿ ಅಂಗಡಿಯ ಕುರಾಮೊಟೊಗೆ ಚೋ ಎಂದರೆ ಹಲ್ಲು. ಬೈಕಿನ ಚೈನು ಸುತ್ತುವ ಹಲ್ಲುಚಕ್ರವಿದೆಯಲ್ಲ, ಸ್ಪ್ರಾಕೆಟ್, ಅದರ ಹಲ್ಲುಗಳನ್ನು ಇವಾಟೆಯ ಈ ಗುಡ್ಡದೂರಿನಲ್ಲಿ ಮಾತ್ರವಲ್ಲ, ಜಪಾನಿನ ಯಾವ ಮೂಲೆಗೆ ಹೋದರೂ ಚೋ ಲೆಕ್ಕದಲ್ಲೇ ಹೇಳುತ್ತಾರೆ. ಎರಡು ಅಂಗಡಿಗಳ ನಡುವೆ ಇರುವುದು ಒಂದು ಮರದ ತಡಿಕೆ. ಆಚೆಗೊಂದು ಚೋ, ಈಚೆಗೊಂದು ಚೋ. ಇಷ್ಟು ವರ್ಷ ಒಂದರ ತಂಟೆಗೆ ಇನ್ನೊಂದು ಹೋಗದೆ ಸುಮ್ಮನಿದ್ದದ್ದೇ ದೊಡ್ಡದು.

ಎರಡೂ ಕಡೆ ಓಡಾಡುವವಳು ಕಿನುಯೊಳ ಸೊಸೆ ನಾಗಿಸಾ. ಬೆಳಗಿನ ಜಾವ ಎದ್ದು ಸೋಯಾ ರುಬ್ಬಿ, ಹಾಲು ಕಾಯಿಸಿ, ಒಡೆಸಿ, ಅಚ್ಚಿಗೆ ಸುರಿಯುವವಳೂ ಅವಳೇ. ಮಧ್ಯಾಹ್ನ ತೊಟ್ಟಿ ಖಾಲಿಯಾದ ಮೇಲೆ ಮೊಣಕಾಲುದ್ದದ ಬೂಟು ಹಾಕಿ, ಡರ್ಟ್ ಬೈಕ್ ಹತ್ತಿ, ಕಾಡುದಾರಿ ಹಿಡಿದು ಹೋಗುವವಳೂ ಅವಳೇ. ಅವಳ ಗಂಡ ಮಾನಾಬು ಸೈಕಲ್ ಹತ್ತುವುದಕ್ಕೂ ಎರಡು ಸಲ ಯೋಚಿಸುವ ಆಸಾಮಿ. ಬೈಕು ನಾಗಿಸಾ ತವರಿನಿಂದ ತಂದದ್ದು. ಮದುವೆಯಲ್ಲಿ ಬೇರೆ ಹೆಣ್ಣುಮಕ್ಕಳು ಬೀರು, ಹಾಸಿಗೆ ತರುತ್ತಾರೆ. ಇವಳು ಪೆಟ್ರೋಲ್ ವಾಸನೆ ತಂದಳು ಎಂದು ಕಿನುಯೊ ಇವತ್ತಿಗೂ ನೆಂಟರ ಮುಂದೆ ಹೇಳುವುದುಂಟು.

ಆ ಬೈಕು ಗುರುಗುಟ್ಟಿದರೆ ಸಾಕು, ಕಿನುಯೊಳ ಎದೆ ಬಡಿದುಕೊಳ್ಳುತ್ತದೆ. ಸೊಸೆ ವಾಪಸು ಬರುವವರೆಗೆ ಕೈಗೆ ಸಿಕ್ಕಿದ ಪಾತ್ರೆಯನ್ನೆಲ್ಲ ತಿಕ್ಕಿ ತಿಕ್ಕಿ ಸವೆಸುತ್ತಾಳೆ. ಬಂದ ಮೇಲೆ ಅವಳದು ಒಂದೇ ಪಲ್ಲವಿ.

"ಕೈ ಮುರ್ಕೊಂಡು ಬಂದ್ರೆ ಹಂಡೆ ಎತ್ತೋರು ಯಾರು?"

ಹಂಡೆ ಎತ್ತುವುದಕ್ಕೆ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಅದು ಅವಳಿಗೂ ಗೊತ್ತು. ಸೊಸೆಗೆ ಏನಾದರೂ ಆದರೆ ಆ ಮನೆಯಲ್ಲಿ ತಾನು ಇರಲಾರೆ ಎಂಬುದೇ ನಿಜವಾದ ಮಾತು. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸು ಅವಳಲ್ಲ. ಹಂಡೆಯ ನೆಪ ಸುಲಭ.

ಊರಿನ ಮೇಲ್ಗಡೆ ಸ್ಕೀ ಮೈದಾನವಿದೆ. ಹಿಮ ಕರಗಿ ಹುಲ್ಲು ಬಂದ ಮೇಲೆ ಅಲ್ಲಿ ವರ್ಷಕ್ಕೊಮ್ಮೆ ಬೈಕಿನ ಪಂದ್ಯ. ಮೈದಾನದ ಕೊನೆಯ ಏರಿಗೆ ಸವಾರರು ಇಟ್ಟ ಹೆಸರು ಗೋಡೆ. ನಾಗಿಸಾ ಹೋದ ಮೂರು ಪಂದ್ಯಗಳಲ್ಲೂ ಆ ಗೋಡೆಯ ಅರ್ಧದಲ್ಲಿ ಎಂಜಿನ್ ಉಸಿರುಕಟ್ಟಿ, ಬೈಕಿನ ಸಮೇತ ಕೆಳಗೆ ಜಾರಿದ್ದಳು. ಈ ವಸಂತದಲ್ಲಿ ಚೆರ್ರಿ ಹೂವಿನ ಕೆಳಗೆ ಕೇರಿಯವರೆಲ್ಲ ಕೂತು ಉಣ್ಣುವಾಗ ಗಂಡಸರು ಅದನ್ನೇ ಎತ್ತಿಕೊಂಡರು.

"ನಾಗಿಸಾ-ಸಾನ್, ಈ ಸಲ ಎಲ್ಲಿಂದ ಜಾರ್ತೀರಿ ಅಂತ ಮೊದ್ಲೇ ಹೇಳಿಬಿಡಿ. ಅಲ್ಲೇ ಚಾಪೆ ಹಾಸಿಟ್ಟಿರ್ತೀವಿ."

ನಾಗಿಸಾ ಕೈಯಲ್ಲಿದ್ದ ಅನ್ನದುಂಡೆಯನ್ನು ಕೆಳಗಿಟ್ಟಳು.

"ಈ ಸಲ ಹತ್ತದೇ ಇದ್ರೆ ಬೈಕ್ ಮಾರಿಬಿಡ್ತೀನಿ. ಸಾಕಾ?"

ನಗುತ್ತಿದ್ದವರು ಬಾಯಿ ಮುಚ್ಚಿದರು. ನಾಗಿಸಾ ಆಡಿದ ಮಾತಿಗೆ ತಪ್ಪುವವಳಲ್ಲ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಮನಸ್ಸಿನೊಳಗೇ ಹಬ್ಬ ಆಚರಿಸಿದವಳು ಕಿನುಯೊ ಒಬ್ಬಳೇ. ಮಾರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ಕಣಿವೆಯಾಚೆಯ ಒನೊದೆರಾಗೆ ಫೋನ್ ಮಾಡಿದಳು. ಹಸು ಸಾಕುವ ಆ ಮನುಷ್ಯ ಅದೇ ಮೈದಾನದಲ್ಲಿ ನಾಲ್ಕು ಚಕ್ರದ ಬಗ್ಗಿ ಓಡಿಸುತ್ತಾನೆ, ಮಗಳಿಗೊಂದು ಬೈಕು ಹುಡುಕುತ್ತಿದ್ದ. ಪಂದ್ಯದ ದಿನ ಟ್ರಕ್ ತಗೊಂಡೇ ಬನ್ನಿ, ಸಂಜೆಗೆ ಬೈಕು ನಿಮ್ಮದಾಗುತ್ತೆ, ಆದರೆ ನಾನು ಹೇಳಿದೆ ಅಂತ ಎಲ್ಲೂ ಬಾಯಿಬಿಡಬೇಡಿ ಎಂದಳು. ಅವನಿಗೆ ಮಾತಿನ ಮೊದಲರ್ಧ ಚೆನ್ನಾಗಿ ಕೇಳಿಸಿತ್ತು ಎಂಬುದು ಆಮೇಲೆ ಗೊತ್ತಾಯಿತು.

ತಡಿಕೆಯಾಚೆ ಅಷ್ಟರಲ್ಲಿ ಬೇರೊಂದು ಯುದ್ಧ ಶುರುವಾಗಿತ್ತು. ಹಿಂದಿನ ಚಕ್ರದ ಸ್ಪ್ರಾಕೆಟ್ಟಿಗೆ ಹಲ್ಲು ಹೆಚ್ಚಿಸಿದರೆ ಬೈಕಿಗೆ ಎಳೆಯುವ ಬಲ ಬರುತ್ತದೆ, ಓಟ ತಗ್ಗುತ್ತದೆ. ಕಡಿಮೆ ಮಾಡಿದರೆ ಓಟ ಬರುತ್ತದೆ, ಏರಿನಲ್ಲಿ ಏದುಸಿರು. ಎಂಜಿನ್ ಪಕ್ಕದ ಪುಟ್ಟ ಸ್ಪ್ರಾಕೆಟ್ಟಿನದು ಇದಕ್ಕೆ ತದ್ವಿರುದ್ಧ. ಇಷ್ಟೇ ವಿಷಯ. ಇಷ್ಟಕ್ಕೆ ಕುರಾಮೊಟೊ ಮತ್ತು ನಾಗಿಸಾ ವಾರಗಟ್ಟಲೆ ಕಿತ್ತಾಡಿದರು. ಒಂದು ಹಲ್ಲಿಗಾಗಿ ಊಟ ಬಿಡುವ ಮನುಷ್ಯ ಕುರಾಮೊಟೊ. ಅವನ ಸ್ವಂತ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

"ಈಗಿರೋ ನಲವತ್ತೆಂಟೇ ಇರ್ಲಿ ಯಜಮಾನ್ರೇ. ಹಲ್ಲು ಜಾಸ್ತಿ ಮಾಡಿದ್ರೆ ಕೆಳಗಡೆ ನೇರ ದಾರೀಲಿ ಎಲ್ರೂ ನನ್ನ ದಾಟ್ಕೊಂಡು ಹೋಗ್ತಾರೆ."

"ಹೋಗ್ಲಿ. ನಿಂಗೆ ಬೇಕಾಗಿರೋದು ದಾರಿನಾ, ಗೋಡೆನಾ?"

"ಎರಡೂ."

"ಎರಡೂ ಬೇಕು ಅನ್ನೋರಿಗೆ ನನ್ನ ಅಂಗಡೀಲಿ ಸಾಮಾನಿಲ್ಲ. ನಲವತ್ತೊಂಬತ್ತು ಹಾಕೋಣ."

"ನಲವತ್ತೊಂಬತ್ತು ಹಾಕಿದ್ರೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ ಅಂತ ನಿನ್ನೆ ನೀವೇ ಅಂದ್ರಿ."

"ನಿನ್ನೆ ಮಣ್ಣು ಒಣಗಿತ್ತು!"

ಹೀಗೆ ನಡೆದೂ ನಡೆದೂ ಪಂದ್ಯದ ವಾರ ಬಂದರೂ ಇಬ್ಬರೂ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ಗುರುವಾರ ಮಳೆ ಸುರಿಯಿತು. ದಾರಿ ಗುರುತು ಹಾಕಲು ಮೈದಾನಕ್ಕೆ ಹೋಗಿದ್ದ ಕುರಾಮೊಟೊ ನೆಂದು ನುಣುಪಾದ ಗೋಡೆಯನ್ನು ಕಣ್ಣಾರೆ ಕಂಡ. ಐವತ್ತಕ್ಕೆ ಕಡಿಮೆ ಆಗುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದ. ಮುಂದಿನದೂ ಸವೆದಿತ್ತು, ಅದಕ್ಕೂ ಹೊಸದು ಬೇಕು. ಬಿಡಿಭಾಗದ ವ್ಯಾನು ಮೊರಿಯೊಕಾದಿಂದ ಬರುವುದು ಗುರುವಾರ ಮಾತ್ರ, ಅದೂ ಇನ್ನೇನು ಬರುವ ಹೊತ್ತು. ವ್ಯಾನಿನವನು ಪ್ರತಿಸಲವೂ ಮೊದಲು ಕಿನುಯೊಳ ಅಂಗಡಿಯಲ್ಲಿ ನಿಂತು ಮನೆಗೆ ತೋಫು ಕಟ್ಟಿಸಿಕೊಳ್ಳುತ್ತಾನೆ. ಕುರಾಮೊಟೊ ಅವಳಿಗೇ ಫೋನ್ ಮಾಡಿ, ವ್ಯಾನಿನವನಿಗೆ ಹೇಳು, ಭಾನುವಾರ ಬೆಳಿಗ್ಗೆ ಸ್ಕೀ ಮೈದಾನಕ್ಕೆ ಬೈಕು ಇಳಿಯುವಷ್ಟರಲ್ಲಿ ಇಂತಿಂಥ ಸ್ಪ್ರಾಕೆಟ್ ಬೇಕು, ನಿನ್ನ ಹತ್ತಿರವೇ ಇಳಿಸಿ ಹೋಗಲಿ ಎಂದ. ಮೈದಾನದಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದು ಅಷ್ಟಕ್ಕಷ್ಟೇ. ವ್ಯಾನು, ಸ್ಪ್ರಾಕೆಟ್ ಎಂಬ ಮುಖ್ಯ ಪದಗಳೆಲ್ಲ ಗಾಳಿಗೆ ಹೋದವು.

ಕಿನುಯೊಗೆ ಕೇಳಿಸಿದ್ದು ಇಷ್ಟು.

"ಕಿನು-ಸಾನ್... ಭಾನುವಾರ ಬೆಳಿಗ್ಗೆ ಸ್ಕೀ ಮೈದಾನಕ್ಕೆ... ಮುಂದೆ ಹದಿಮೂರು ಚೋ, ಹಿಂದೆ ಐವತ್ತು ಚೋ!"

"ಅಯ್ಯೋ, ಅಷ್ಟೊಂದಾ? ಗಟ್ಟೀದಾ, ಮೆತ್ತಂದಾ?"

ಕುರಾಮೊಟೊ ಒಂದು ಕ್ಷಣ ಬೆರಗಾದ. ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಎಂದು ಕೇಳುವಷ್ಟು ಈ ಹೆಂಗಸು ಯಾವಾಗ ಕಲಿತಳು?

"ಗಟ್ಟೀದೇ ಬೇಕು! ಮೆತ್ತಂದು ಒಂದೇ ದಿನಕ್ಕೆ ಹಾಳಾಗುತ್ತೆ!"

ನಿಜವೇ ಎನಿಸಿತು ಕಿನುಯೊಗೆ. ಆ ಹಳ್ಳದ ದಾರಿಯಲ್ಲಿ ರೇಷ್ಮೆಯಂಥ ಮೆತ್ತನೆಯ ತೋಫು ಸಾಗಿಸಿದರೆ ಮೇಲೆ ತಲುಪುವಷ್ಟರಲ್ಲಿ ಗಂಜಿ.

"ಮರೀಬೇಡ ಕಿನು-ಸಾನ್! ನಾಗಿಸಾ ಮಾನ ನಿನ್ನ ಕೈಲಿದೆ!"

ಫೋನಿಟ್ಟ ಮೇಲೆ ಕಿನುಯೊ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಬೀಗಿದಳು. ಮೈದಾನದ ಸ್ಕೀ ಮನೆಗೆ ಮುಂದೆ ಹೆಸರು ಬರೆಸುವ ಕೋಣೆ, ಹಿಂದೆ ಅಡುಗೆಮನೆ. ಮುಂದಕ್ಕೆ ಹದಿಮೂರು, ಹಿಂದಕ್ಕೆ ಐವತ್ತು. ಪಂದ್ಯದವರ ಊಟಕ್ಕೆ ತನ್ನ ಅಂಗಡಿಯ ತೋಫು! ಸೊಸೆಯೇ ಹೇಳಿ ಕೊಡಿಸಿರಬೇಕು, ಬಾಯಲ್ಲಿ ಮಾತ್ರ ಒಂದು ಮಾತಿಲ್ಲ ಎಂದುಕೊಂಡಳು. ಆಮೇಲೆ ವ್ಯಾನಿನವನು ಬಂದ, ಎಂದಿನಂತೆ ಎರಡು ಚೋ ಕಟ್ಟಿಸಿಕೊಂಡ, ನಮಸ್ಕಾರ ಹೇಳಿ ಹೋದ. ಕಿನುಯೊ ಮಳೆಯ ವಿಷಯ ಮಾತ್ರ ಮಾತಾಡಿದಳು.

ಶುಕ್ರವಾರ ಕುರಾಮೊಟೊ ತಡಿಕೆಯ ಮೇಲಿಂದ ತಲೆ ಹಾಕಿದ.

"ಹೇಳಿದ್ನಲ್ಲ, ಅದೇನಾಯ್ತು?"

"ಆಗೋದೇನು? ಭಾನುವಾರ ನಾನೇ ಖುದ್ದಾಗಿ ತರ್ತೀನಿ, ನೀನು ತಲೆ ಕೆಡಿಸ್ಕೋಬೇಡ."

"ಪಂದ್ಯಕ್ಕೆ ನೀನು ಬರ್ತೀಯಾ? ಇದುವರೆಗೂ ಕಾಲಿಟ್ಟೋಳಲ್ಲ!"

"ಇದುವರೆಗೂ ಯಾರೂ ಕರೆದಿರ್ಲಿಲ್ಲ."

ವ್ಯಾನಿನಲ್ಲಿ ಇದ್ದಿರಲಿಕ್ಕಿಲ್ಲ, ಕೊರಿಯರ್ರಿನಲ್ಲಿ ಭಾನುವಾರದೊಳಗೆ ಬರುತ್ತದೇನೋ ಎಂದುಕೊಂಡು ಕುರಾಮೊಟೊ ಸಮಾಧಾನದಿಂದ ತಲೆ ಹಿಂದಕ್ಕೆ ಎಳೆದುಕೊಂಡ. ಮರುದಿನ ಅವನೂ ನಾಗಿಸಾಳೂ ಬೈಕು ಹೇರಿಕೊಂಡು ಮೈದಾನಕ್ಕೆ ಹೋಗಿ ಅಲ್ಲೇ ಟೆಂಟು ಹಾಕಿದರು.

ಭಾನುವಾರ ತಾಯಿ ಮಗ ಇಬ್ಬರೇ ಸೇರಿ ಅರವತ್ತಮೂರು ಚೋ ಮಾಡಿದರು. ನಾಗಿಸಾ ಇಲ್ಲದ ಕೆಲಸ ಹೇಗಿರುತ್ತದೆ ಎಂದು ಇಬ್ಬರ ಸೊಂಟಕ್ಕೂ ಗೊತ್ತಾಯಿತು. ನೀರು ತುಂಬಿದ ತೊಟ್ಟಿಗಳಲ್ಲಿ ಒಂದೂ ಒಡೆಯದಂತೆ ಜೋಡಿಸಿ, ವ್ಯಾನಿನಲ್ಲಿಟ್ಟು, ಮಾನಾಬು ಆಮೆಯಂತೆ ಗಾಡಿ ಓಡಿಸಿಕೊಂಡು ಬೆಟ್ಟ ಹತ್ತಿದ. ಮೈದಾನದ ತುಂಬ ಟೆಂಟು, ಕೆಸರು, ಕಿವಿಗಡಚಿಕ್ಕುವ ಎಂಜಿನ್ನುಗಳು. ದೂರದಲ್ಲಿ ಗೋಡೆ ಕಾಣುತ್ತಿತ್ತು. ಕಿನುಯೊ ಅತ್ತ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಕುರಾಮೊಟೊ ಓಡಿ ಬಂದ. ಅಂಗೈ ಎರಡೂ ಗ್ರೀಸಿನಿಂದ ಕಪ್ಪಾಗಿದ್ದವು.

"ತಂದ್ಯಾ?"

"ತಂದೆ. ಮುಂದಿನ ಹದಿಮೂರು ಮುಂದೆ ಕೊಟ್ಟಾಯ್ತು. ಪಾಪ, ತುಂಬಾ ಸಲ ಬಗ್ಗಿ ನಮಸ್ಕಾರ ಮಾಡಿದ್ರು. ಹಿಂದಿನ ಐವತ್ತು ಮಾನಾಬು ಇಳಿಸ್ತಿದಾನೆ."

"ಇಳಿಸ್ತಿದಾನಾ? ಅದೇನು ಮೂಟೆನಾ, ಇಳಿಸೋಕೆ? ಇಲ್ಲಿ ಕೊಡು."

ಕಿನುಯೊ ತೊಟ್ಟಿಗಳ ಮುಚ್ಚಳ ತೆಗೆದಳು. ಕುರಾಮೊಟೊ ಒಳಗೆ ಬಗ್ಗಿ ನೋಡಿದ. ಐವತ್ತು ತೋಫು ತಣ್ಣಗೆ ಮಲಗಿದ್ದವು. ಅವನು ನೀರಿನೊಳಗೆ ಒಂದು ಬೆರಳು ಅದ್ದಿ, ಒಂದನ್ನು ಮೆಲ್ಲಗೆ ಒತ್ತಿ ನೋಡಿದ.

"ಕಿನು-ಸಾನ್, ಇದು ತೋಫು."

"ಮತ್ತೇನು ಬೆಣಚುಕಲ್ಲು ಅಂದ್ಕೊಂಡ್ಯಾ?"

ಕುರಾಮೊಟೊ ಕೆಸರಿನಲ್ಲೇ ಕುಕ್ಕರಿಸಿ ನಗಲು ತೊಡಗಿದ. ಗುರುವಾರ ತಾನು ಹೇಳಿದ್ದೇನು ಎಂದು ಬಿಕ್ಕುತ್ತ ಬಿಕ್ಕುತ್ತ ಬಿಡಿಸಿ ಹೇಳಿದ. ಕಿನುಯೊಗೂ ಮೊದಲು ನಗುವೇ ಬಂತು. ಆದರೆ ಅವನ ಬೆನ್ನ ಹಿಂದೆ, ಹಿಂದಿನ ಚಕ್ರ ಬಿಚ್ಚಿಟ್ಟ ಬೈಕಿನ ಪಕ್ಕದಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಾಗಿಸಾ ನಿಂತಿದ್ದಳು. ಅವಳು ತೊಟ್ಟಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಪರವಾಗಿಲ್ಲ, ಅತ್ತೆ," ಎಂದಳು.

ಬೈದಿದ್ದರೆ ಕಿನುಯೊ ತಿರುಗಿ ಬೈಯಬಹುದಿತ್ತು. ಅದರಲ್ಲಿ ಅವಳ ಕೈ ಪಳಗಿತ್ತು. ಈ ಮೆತ್ತಗಿನ ಮಾತಿಗೆ ಅವಳು ತೊಟ್ಟಿಯ ಮುಚ್ಚಳವನ್ನು ಮತ್ತೆ ಮುಚ್ಚಿದಳು. ಅದೇ ಗಳಿಗೆಗೆ ಸರಿಯಾಗಿ ಒಬ್ಬ ದಪ್ಪನೆಯ ಗಂಡಸು ಕೈ ಬೀಸುತ್ತ, ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತ ಬಂದ. ಒನೊದೆರಾ.

"ಓ, ಕಿನುಯೊ-ಸಾನ್! ನೀವು ಫೋನಲ್ಲಿ ಹೇಳಿದ ಹಾಗೇ ಟ್ರಕ್ ತಂದಿದೀನಿ! ಕಟ್ಟೋಕೆ ಹಗ್ಗಾನೂ ತಂದಿದೀನಿ!"

ಕುರಾಮೊಟೊನ ನಗು ನಿಂತಿತು.

"ನೀವು ಹೇಳಿದ ಹಾಗೇ?" ಎಂದಳು ನಾಗಿಸಾ.

ಒನೊದೆರಾ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಬಂದದ್ದಕ್ಕಿಂತ ಬೇಗ ತನ್ನ ಟೆಂಟಿನತ್ತ ಹೊರಟುಹೋದ.

"ಕಿನು-ಸಾನ್," ಕುರಾಮೊಟೊ ದನಿ ತಗ್ಗಿಸಿ ಕೇಳಿದ, "ಬೇಕಂತ್ಲೇ ಮಾಡಿದ್ಯಾ?"

"ಹೌದಪ್ಪಾ, ಬೇಕಂತ್ಲೇ! ನಿದ್ದೆಗೆಟ್ಟು, ಸೊಂಟ ಮುರ್ಕೊಂಡು ಅರವತ್ತಮೂರು ಚೋ ಮಾಡಿ, ಬೆಟ್ಟ ಹತ್ತಿಸಿ, ಬೇಕಂತ್ಲೇ ಮೋಸ ಮಾಡಿದೆ! ಬೈಕ್ ಹೋಗ್ಲಿ ಅಂತ ಫೋನ್ ಮಾಡಿದ್ದು ನಿಜ. ಅದು ಮಾಡಿದೆ. ಇದು ಮಾಡಿಲ್ಲ. ತೋಫು ವಿಷಯದಲ್ಲಿ ನಾನು ಯಾವತ್ತಾದ್ರೂ ಆಟ ಆಡಿದ್ದುಂಟಾ?"

ನಾಗಿಸಾ ಕೂತು ಹಳೆಯ ನಲವತ್ತೆಂಟರ ಚಕ್ರವನ್ನೇ ಮತ್ತೆ ಬೈಕಿಗೆ ಏರಿಸತೊಡಗಿದಳು. ಕಿನುಯೊ ಅವಳ ಬೆನ್ನು ನೋಡುತ್ತ ನಿಂತಳು. ತಾನು ಬಯಸಿದ್ದೇ ಆಗುತ್ತಿತ್ತು. ಸಂಜೆಗೆ ಬೈಕು ಟ್ರಕ್ಕಿನಲ್ಲಿ. ನಾಳೆಯಿಂದ ಎದೆ ಬಡಿತವಿಲ್ಲ, ಪಾತ್ರೆ ತಿಕ್ಕುವುದಿಲ್ಲ. ಒಂದಿಷ್ಟೂ ಸಂತೋಷವಾಗಲಿಲ್ಲ.

ಅವಳು ಕುರಾಮೊಟೊನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಆ ಐವತ್ತು ಇಲ್ಲಿ ಯಾರ ಹತ್ರಾನೂ ಸಿಗಲ್ವಾ?"

"ಇಲ್ಲ. ಹಿಂದಿನದು ಒಬ್ಬೊಬ್ಬರ ಬೈಕಿಗೆ ಒಂದೊಂದು ತರ. ಬೋಲ್ಟಿನ ತೂತೇ ಕೂರಲ್ಲ." ಅವನು ಗಡ್ಡ ಕೆರೆದುಕೊಂಡ. "ಮುಂದಿನದು ಹನ್ನೆರಡು ಸಿಕ್ಕಿದ್ರೂ ಆಗ್ತಿತ್ತು."

"ಹದಿಮೂರು ಅಂದಿದ್ಯಲ್ಲ?"

"ಮುಂದೆ ಒಂದು ಕಳೆದ್ರೆ ಹಿಂದೆ ನಾಲ್ಕು ಕೂಡಿಸಿದಷ್ಟು ಬಲ ಬರುತ್ತೆ. ಐವತ್ತಕ್ಕಿಂತ ಜಾಸ್ತೀನೇ ಎಳೆಯುತ್ತೆ. ಚಿಕ್ಕ ಚಕ್ರದಲ್ಲಿ ಚೈನು ಜಾಸ್ತಿ ಮಡಚ್ಕೊಂಡು ಬೇಗ ಸವೆಯುತ್ತೆ ಅಂತ ನಾನು ಹಾಕೋದಿಲ್ಲ. ಇವತ್ತೊಂದು ದಿನಕ್ಕೆ ಏನೂ ಆಗಲ್ಲ."

"ಯಾರ ಹತ್ರ ಇರುತ್ತೆ?"

ಕುರಾಮೊಟೊ ಒನೊದೆರಾನ ಟೆಂಟಿನತ್ತ ಗದ್ದ ಎತ್ತಿ ತೋರಿಸಿದ.

"ಅವನ ಬಗ್ಗೀದೂ ಇದೇ ಕಂಪನಿ. ಶಾಫ್ಟು ಅದೇ, ಚೈನಿನ ಅಳತೇನೂ ಅದೇ. ಏರು ನೋಡಿ ಬದಲಾಯಿಸೋಕೆ ಅಂತ ಹನ್ನೊಂದು, ಹನ್ನೆರಡು, ಎಲ್ಲಾ ಡಬ್ಬೀಲಿ ಇಟ್ಕೊಂಡಿರ್ತಾನೆ. ಆದ್ರೆ ಯಾಕೆ ಕೊಡ್ತಾನೆ ಹೇಳು? ಕೊಟ್ರೆ ಮಗಳಿಗೆ ಬೈಕ್ ಹೋಯ್ತು."

ಕಿನುಯೊ ಒಂದು ತೊಟ್ಟಿಯನ್ನು ಮಾನಾಬುವಿನ ಕೈಗೆ ಹೊರಿಸಿ, ತಾನು ಸೋಯಾ ಸಾಸಿನ ಬಾಟಲಿ ಹಿಡಿದು ಹೊರಟಳು. ಅವಳ ಬಿಳಿ ರಬ್ಬರ್ ಬೂಟು ಕೆಸರಿನಲ್ಲಿ ಪಚಪಚ ಎನ್ನುತ್ತಿತ್ತು.

ಒನೊದೆರಾ ಬಗ್ಗಿಯ ಪಕ್ಕ ಕೂತಿದ್ದ. ಕಿನುಯೊ ಒಂದು ತೋಫುವನ್ನು ತಟ್ಟೆಗಿಟ್ಟು, ಸಾಸ್ ಸುರಿದು ಅವನ ಮುಂದೆ ಹಿಡಿದಳು. ಅವನು ಸಂಶಯದಿಂದಲೇ ತಿಂದ. ಎರಡನೆಯ ತುತ್ತಿಗೆ ಸಂಶಯ ಹೋಯಿತು.

"ನಿಮ್ಮ ಹತ್ರ ಹನ್ನೆರಡು ಚೋ ಇದೆಯಾ?" ಕೇಳಿದಳು.

"ನನ್ನ ಹತ್ರ ತೋಫು ಎಲ್ಲಿಂದ ಬರ್ಬೇಕು, ಕಿನುಯೊ-ಸಾನ್?"

"ತೋಫು ಅಲ್ಲ! ಕಬ್ಬಿಣದ್ದು! ಚೈನ್ ಹಾಕೋದು!"

ಒನೊದೆರಾ ತಟ್ಟೆ ಕೆಳಗಿಟ್ಟ. ಆ ಬಾಯಲ್ಲಿ ಈ ಮಾತು ಬರುತ್ತದೆ ಎಂದು ಅವನು ಎಣಿಸಿರಲಿಲ್ಲ.

"ಸೊಸೆಗಾ?"

"ಹೂಂ."

"ಬೈಕ್ ಮನೆಯಿಂದ ತೊಲಗಿದ್ರೆ ಸಾಕು ಅಂದೋರು ನೀವೇ ಅಲ್ವಾ?"

"ಅಂದಿದ್ದೆ."

"ಮತ್ತೆ?"

ಕಿನುಯೊ ಸಾಸಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ನಿಂತಳು.

"ಅವಳು ಜಾರಿ ಸೋತ್ರೆ ಬೈಕ್ ನಿಮ್ದು, ನಾನೇ ಎತ್ತಿ ಟ್ರಕ್ಕಿಗೆ ಹಾಕ್ತೀನಿ. ಆದ್ರೆ ನನ್ನ ಕಿವಿ ಕೆಟ್ಟಿದ್ದಕ್ಕೆ ಅವಳು ಸೋಲಬಾರ್ದು. ಸೋತ್ರೂ ಅವಳು ಬಯ್ಯಲ್ಲ, ಒನೊದೆರಾ-ಸಾನ್. ನಾನು ಸಾಯೋವರೆಗೂ ಪರವಾಗಿಲ್ಲ ಅತ್ತೆ, ಪರವಾಗಿಲ್ಲ ಅತ್ತೆ ಅಂತಾನೇ ಇರ್ತಾಳೆ. ಅದನ್ನ ಕೇಳ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."

ಎಂದವಳೇ ಸೊಂಟದ ನೋವು ಮರೆತು ಮೊಣಕಾಲಿಗೆ ತಲೆ ತಾಗುವಂತೆ ಬಗ್ಗಿದಳು. ಹಿಂದೆ ತೊಟ್ಟಿ ಹಿಡಿದಿದ್ದ ಮಾನಾಬುವೂ ಬಗ್ಗಲು ಹೋಗಿ ನೀರೆಲ್ಲ ತನ್ನ ಪ್ಯಾಂಟಿನ ಮೇಲೆ ಸುರಿದುಕೊಂಡ. ಒನೊದೆರಾ ಗಾಬರಿಯಾಗಿ ಎದ್ದ.

"ಏಳಿ, ಏಳಿ, ಜನ ನೋಡ್ತಿದಾರೆ! ನಾನೇನು ಕಟುಕನಾ?" ಡಬ್ಬಿ ತೆರೆದು ತಡಕಾಡಿದ. ಅಂಗೈಯಗಲದ ಹೊಸ ಸ್ಪ್ರಾಕೆಟ್ ಒಂದನ್ನು ಎತ್ತಿ ಹಿಡಿದ. ಕೊಡುವ ಮುನ್ನ ತೊಟ್ಟಿಯತ್ತ ನೋಡಿದ. "ಹನ್ನೆರಡಕ್ಕೆ ಹನ್ನೆರಡು?"

"ಹನ್ನೆರಡಕ್ಕೆ ಹನ್ನೆರಡು."

"ಈಗ ತಿಂದಿದ್ದು ಲೆಕ್ಕಕ್ಕಿಲ್ಲ."

"ಅದು ರುಚಿಗೆ," ಎಂದಳು ಕಿನುಯೊ. ಅವಳು ಆಗಲೇ ಅರ್ಧ ದಾರಿ ಓಡಿದ್ದಳು.

ಕುರಾಮೊಟೊ ಸ್ಪ್ರಾಕೆಟ್ಟನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿದ. ಆಮೇಲೆ ಅವನ ಕೈ ನಿಲ್ಲಲಿಲ್ಲ. ಎಂಜಿನ್ ಪಕ್ಕದ ಮುಚ್ಚಳ ಬಿಚ್ಚಿ, ಹಳೆಯ ಹದಿಮೂರನ್ನು ಕಿತ್ತು, ಹನ್ನೆರಡನ್ನು ಕೂರಿಸಿದ. ಚಕ್ರ ಚಿಕ್ಕದಾದದ್ದರಿಂದ ಚೈನು ಜೋತುಬಿತ್ತು. ನಾಗಿಸಾ ಹಿಂದಿನ ಚಕ್ರವನ್ನು ಒಂಚೂರು ಹಿಂದಕ್ಕೆ ಎಳೆದು ಹಿಡಿದಳು, ಅವನು ಚೈನಿನ ಕೆಳಗೆ ಬೆರಳು ತೂರಿಸಿ ಸಡಿಲ ನೋಡಿ ನಟ್ಟು ಬಿಗಿದ. ಅಷ್ಟು ಹೊತ್ತೂ ಸೊಸೆ ಅತ್ತೆಯ ಕಡೆ ನೋಡಿರಲಿಲ್ಲ. ಹೆಲ್ಮೆಟ್ ಕೈಗೆ ತೆಗೆದುಕೊಂಡ ಮೇಲೆ ನೋಡಿದಳು.

"ಒನೊದೆರಾ-ಸಾನ್ ಕೊಟ್ರಾ?"

"ತೋಫುಗೆ."

ನಾಗಿಸಾಳ ತುಟಿಯ ಒಂದು ಮೂಲೆ ಅಲುಗಿತು.

"ನಾನು ಹತ್ತಿಬಿಟ್ರೆ ಬೈಕ್ ಮನೇಲೇ ಇರುತ್ತೆ, ಅತ್ತೆ. ನಿಮಗೆ ಬೇಜಾರಾಗಲ್ವಾ?"

"ಮೊದ್ಲು ಹತ್ತು. ಬೇಜಾರು ಆಮೇಲೆ ನೋಡ್ಕೊಳ್ಳೋಣ."

ಪಂದ್ಯ ಶುರುವಾಯಿತು. ಕೊಟ್ಟ ಹೊತ್ತು ಮುಗಿಯುವವರೆಗೆ ಸುತ್ತು ಹೊಡೆಯುತ್ತಲೇ ಇರಬೇಕು, ಪ್ರತಿ ಸುತ್ತಿನ ಕೊನೆಗೂ ಗೋಡೆ. ಹತ್ತಲಾಗದವರು ಪಕ್ಕದ ದಾರಿಯಲ್ಲಿ ಇಳಿದು ಮತ್ತೆ ಸುತ್ತು ಹಿಡಿಯಬಹುದು. ನೇರ ದಾರಿಯಲ್ಲಿ ನಾಗಿಸಾಳ ಬೈಕು ಸದ್ದು ಮಾಡಿದಷ್ಟು ಮುಂದೆ ಹೋಗುತ್ತಿರಲಿಲ್ಲ. ಎಂಜಿನ್ ಕಿರುಚುತ್ತಿತ್ತು, ಉಳಿದವರು ಎಡಕ್ಕೂ ಬಲಕ್ಕೂ ದಾಟಿ ಹೋಗುತ್ತಿದ್ದರು.

"ಏನೋ ಇದು? ಎಲ್ರೂ ಹೋದ್ರಲ್ಲೋ!" ಕಿನುಯೊ ಕುರಾಮೊಟೊನ ಅಂಗಿ ಜಗ್ಗಿದಳು. "ಏನು ಹಲ್ಲು ಹಾಕಿದೀಯೋ?"

"ಹೋಗ್ಲಿ ಬಿಡು. ಎಲ್ರೂ ಅಲ್ಲಿ ಸಿಗ್ತಾರೆ."

ಸಿಕ್ಕಿದರು. ಗೋಡೆಯ ಮೈತುಂಬ ಬಿದ್ದ ಬೈಕುಗಳು, ಅವನ್ನು ಎತ್ತಲಾಗದೆ ಒದ್ದಾಡುವ ಸವಾರರು. ಕಿನುಯೊ ಮತ್ತು ಮಾನಾಬು ಬುಡದಲ್ಲಿ ನಿಂತಿದ್ದರು. ತಿರುವಿನಲ್ಲಿ ನಾಗಿಸಾಳ ನೀಲಿ ಹೆಲ್ಮೆಟ್ ಕಂಡದ್ದೇ ತಡ, ಕಿನುಯೊ ಮಗನ ಒದ್ದೆ ತೋಳನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು.

ಸದ್ದು ಕೇಳುತ್ತಿತ್ತು. ಹತ್ತಿರ ಬಂತು, ಮುಖದ ಮೇಲೆ ಕೆಸರು ಸಿಡಿಸಿ ದಾಟಿತು, ಮೇಲಕ್ಕೆ ಹೋಗತೊಡಗಿತು. ಕಿರುಚಾಟ ಹೋಗಿ ದನಿ ದಪ್ಪವಾಯಿತು, ತುಂಬಿದ ಹಂಡೆಯೊಂದು ಕುದಿಯುವ ಹಾಗೆ. ಮತ್ತೂ ದಪ್ಪವಾಯಿತು. ಒಮ್ಮೆ ಮುಗ್ಗರಿಸಿತು. ಕಿನುಯೊಳ ಉಗುರು ಮಗನ ತೋಳಿಗೆ ಇಳಿಯಿತು.

"ಏನಾಯ್ತೋ? ಬಿದ್ಲಾ?"

"ಗೊತ್ತಿಲ್ಲಮ್ಮ."

"ನೋಡಿ ಹೇಳೋ!"

"ನಾನೂ ಕಣ್ಣು ಮುಚ್ಕೊಂಡಿದೀನಮ್ಮ!"

ಮುಗ್ಗರಿಸಿದ ಸದ್ದು ನಿಲ್ಲಲಿಲ್ಲ. ಒಂದೇ ಸಮ, ಆತುರವಿಲ್ಲದೆ, ಹಟಹಿಡಿದು ಎಳೆಯುತ್ತಲೇ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಹಗುರಾಯಿತು. ಮೇಲಿಂದ ಕೆಳಗಿನವರೆಗೆ ಜನ ಹೋ ಎಂದು ಕೂಗಿದರು. ಕುರಾಮೊಟೊ ಎಲ್ಲಿಂದಲೋ, "ಹತ್ತಿದ್ಲು! ಹತ್ತಿಬಿಟ್ಲು ಕಣ್ರೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಕಿನುಯೊ ಕಣ್ಣು ತೆರೆದಾಗ ಗೋಡೆಯ ಮೇಲೆ ಯಾರೂ ಇರಲಿಲ್ಲ, ಆಕಾಶವಷ್ಟೇ ಇತ್ತು. ಅವಳು ಕೆಸರಿನಲ್ಲಿ ಹಾಗೇ ಕೂತು ಅತ್ತಳು. ಮಾನಾಬು ನಿಂತೇ ಅತ್ತ.

ಪಕ್ಕದ ದಾರಿಯಲ್ಲಿ ನಾಗಿಸಾ ಇಳಿದು ಬಂದಳು. ಬೈಕಿನಿಂದ ಇಳಿಯಲು ಗಂಡನ ಭುಜ ಬೇಕಾಯಿತು. ಒನೊದೆರಾ ತಟ್ಟೆ ಹಿಡಿದೇ ಬಂದು, ಬೈಕನ್ನು ಕೊನೆಯ ಸಲ ನೋಡುವವನಂತೆ ನೋಡಿ, ನಿಟ್ಟುಸಿರುಬಿಟ್ಟು, ನಾಗಿಸಾಗೆ ಅಭಿನಂದನೆ ಹೇಳಿ, ಮತ್ತೊಂದು ತುಂಡು ಬಾಯಿಗಿಟ್ಟುಕೊಂಡ. ನಾಗಿಸಾ ಹೆಲ್ಮೆಟ್ ತೆಗೆದಳು. ಕಣ್ಣಿನ ಸುತ್ತ ಬಿಟ್ಟು ಉಳಿದ ಮುಖವೆಲ್ಲ ಮಣ್ಣು.

"ಅತ್ತೆ, ನೋಡಿದ್ರಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಿನುಯೊಗೆ ಆ ಹೂಂ ಬಾಯಿಗೆ ಬರಲಿಲ್ಲ.

"ಇಲ್ಲ."

"ಇಲ್ವಾ?"

"ಕಣ್ಣು ಮುಚ್ಕೊಂಡಿದ್ದೆ. ನೀನು ಮನೆಯಿಂದ ಹೊರಟಾಗ್ಲೆಲ್ಲ ಹಾಗೇ ಇರ್ತೀನಿ ನಾನು. ಹಂಡೆ ಗಿಂಡೆ ಎಲ್ಲಾ ಸುಳ್ಳು. ನಿಂಗೇನಾದ್ರೂ ಆದ್ರೆ ನಂಗ್ಯಾರಿದಾರೆ ಅಂತ ಭಯ. ಅಷ್ಟೇ."

ನಾಗಿಸಾ ಕೆಸರಿನ ಕೈಗವಸು ಕಳಚಿ ಅತ್ತೆಯ ಕೈ ಹಿಡಿದುಕೊಂಡಳು. ದಿನಾ ಬೆಳಿಗ್ಗೆ ಒಂದೇ ತೊಟ್ಟಿಯ ತಣ್ಣೀರಿನಲ್ಲಿ ಆಡುವ ಕೈಗಳು ಅವು, ಹೀಗೆ ಹಿಡಿದುಕೊಂಡದ್ದು ಮಾತ್ರ ಇದೇ ಮೊದಲು. ಕಿನುಯೊ ಮೂಗು ಸೀಟಿಕೊಂಡು ಗೋಡೆಯತ್ತ ಒಮ್ಮೆ ನೋಡಿದಳು.

"ಹೊತ್ತು ಇನ್ನೂ ಮುಗಿದಿಲ್ಲ ತಾನೇ?"

"ಇಲ್ಲ. ಯಾಕತ್ತೆ?"

"ಹಾಗಾದ್ರೆ ಇನ್ನೊಂದ್ಸಲ ಹತ್ತು. ನಾನು ನೋಡ್ಬೇಕು."

ನಾಗಿಸಾ ನಂಬಲಾರದೆ ಅವಳನ್ನೇ ದಿಟ್ಟಿಸಿದಳು. ಆಮೇಲೆ ನಗು ತಡೆಯಲಾಗದೆ ಬೈಕಿನ ಸೀಟಿನ ಮೇಲೆ ತಲೆಯಿಟ್ಟು ನಕ್ಕಳು, ನಗುತ್ತಲೇ ಹೆಲ್ಮೆಟ್ ಹಾಕಿಕೊಂಡಳು, ಒದ್ದು ಎಂಜಿನ್ ಎಬ್ಬಿಸಿದಳು. ಕಿನುಯೊ ಎಲ್ಲರನ್ನೂ ಸರಿಸಿಕೊಂಡು ಹಗ್ಗ ಕಟ್ಟಿದ ಅಂಚಿನವರೆಗೆ ಹೋಗಿ ನಿಂತಳು. ಏಪ್ರನ್ನಿನ ತುದಿಯಿಂದ ಎರಡು ಕಣ್ಣನ್ನೂ ಚೆನ್ನಾಗಿ ಒರೆಸಿ, ತಿರುವಿನ ಮೇಲೆ ನೆಟ್ಟು ಕಾದಳು.